ಎತ್ತಿನ ಚಿತ್ರ ಬರೆದು ನಾಯಿಗೆ ಲಸಿಕೆ: ಊರಲ್ಲೇ ಕಲಾಸಂತೆ ನಡೆಸುವ ಬಗೆ

ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುತ್ತೇವೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಮಕ್ಕಳು ಜೇಡಿಮಣ್ಣು ನಾದಿ ಜೋಡೆತ್ತು, ಗ್ವಾದಲಿ ಮಾಡಿ ಮನೆ ಮುಂದೆ ಇಡುತ್ತಾರೆ. ಬಳ್ಳಾರಿ ಪಕ್ಕದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದ ಕರಿಬಂಡೆಗಳ ಮೇಲೆ ನವಶಿಲಾಯುಗದ ಮಂದಿ ಇಣಿ ಇರುವ ಎತ್ತುಗಳನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಕುರುಗೋಡಿನ ದೊಡ್ಡ ಬಸವೇಶ್ವರ ಗುಡಿಯಲ್ಲಿ ಏಕಶಿಲೆಯ ಬಸವಣ್ಣ ಕೂತಿದ್ದಾನೆ. ಪ್ರಾಣಿಯ ರೂಪ ತೀಡುವುದನ್ನು ಈ ಸೀಮೆಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಇದೇ ಸೀಮೆಯ ಕೊಳಗಲ್ಲಿನಂಥ ಊರಿನಲ್ಲಿ ಆ ಕೈಚಳಕವನ್ನೇ ಮುಂದಿಟ್ಟುಕೊಂಡು, ಬೀದಿಪ್ರಾಣಿಗಳ ಆರೈಕೆಗೂ ಊರ ಮೈದಾನದ ಚೊಕ್ಕಟಕ್ಕೂ ನಾಲ್ಕು ಕಾಸು ಹೇಗೆ ಕೂಡಿಸಬಹುದು ಎಂಬುದನ್ನು ಇಲ್ಲಿ ಹೇಳಿದೆ.

ಕಲೆಯ ಸಂತೆ ಎಂದೊಡನೆ ನೆನಪಾಗುವುದು ಬೆಂಗಳೂರಿನ ಕುಮಾರಕೃಪಾ ರಸ್ತೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಚಿತ್ರಸಂತೆ ವರ್ಷಕ್ಕೊಂದು ದಿನ ಆ ರಸ್ತೆಯನ್ನೇ ಗ್ಯಾಲರಿ ಮಾಡುತ್ತದೆ. ಕಲಾವಿದ ರಸ್ತೆ ಬದಿ ನಿಂತು ಗಿರಾಕಿಗೆ ನೇರ ಮಾರುತ್ತಾನೆ. ಅದರಿಂದ ನಾವು ತೆಗೆದುಕೊಳ್ಳಬೇಕಾದ್ದು ಎರಡೇ: ನಡುವೆ ದಲ್ಲಾಳಿ ಬೇಡ, ಸಂತೆಯಲ್ಲಿ ತಿರುಗುವಷ್ಟೇ ಸಲೀಸಾಗಿ ಜನ ಚಿತ್ರ ನೋಡುವಂತಿರಬೇಕು. ಉಳಿದದ್ದನ್ನು ನಕಲು ಮಾಡಲು ಹೋದರೆ ಸೋಲು ಖಚಿತ. ಅಲ್ಲಿಗೆ ಬರುವ ಗಿರಾಕಿಯ ಜೇಬೇ ಬೇರೆ.

ದುಡ್ಡು ಯಾತಕ್ಕೆ, ಮೊದಲು ಅದು

ಬಣ್ಣ, ಬ್ರಷ್ಷು, ಶಾಮಿಯಾನದ ಮಾತು ಆಮೇಲೆ. "ಪ್ರಾಣಿಗಳ ಕಲ್ಯಾಣಕ್ಕಾಗಿ" ಎಂದು ಬರೆದ ಡಬ್ಬಿಗೆ ಜನ ಹತ್ತು ರೂಪಾಯಿ ಹಾಕಿ ಮುಂದೆ ಹೋಗುತ್ತಾರೆ. "ನಮ್ಮೂರಿನ ಇಷ್ಟು ನಾಯಿಗೆ ರೇಬೀಸ್ ಲಸಿಕೆ" ಎಂದು ಬರೆದರೆ ನಿಂತು ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಕೇಳಿದವರೇ ಕೊನೆಗೆ ಕೊಡುವವರು.

"ಮಂದಿಗೇ ದವಾಖಾನಿ ಇಲ್ಲ, ನಾಯಿಗೆ ರೊಕ್ಕ ಯಾಕ್ರೀ?" ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಮುನಿಸಿಕೊಳ್ಳಬೇಡಿ; ಉತ್ತರ ಗಟ್ಟಿಯಾಗಿಯೇ ಇದೆ. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ 100ಕ್ಕೆ ಸುಮಾರು 99 ಪಾಲು ನಾಯಿಯಿಂದಲೇ ಬರುತ್ತದೆ. ಒಂದು ಪ್ರದೇಶದ ನಾಯಿಗಳಲ್ಲಿ 100ಕ್ಕೆ 70ಕ್ಕಾದರೂ ಲಸಿಕೆ ಬಿದ್ದರೆ ರೋಗ ಹರಡುವ ಸರಪಳಿ ತುಂಡಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ನಾಯಿಯ ತೊಡೆಗೆ ಚುಚ್ಚುವ ಸೂಜಿ ಶಾಲೆಗೆ ನಡೆದು ಹೋಗುವ ಮಗುವಿನ ರಕ್ಷಣೆಗೇ. ಇದೇ ಲೆಕ್ಕದಲ್ಲಿ ಇನ್ನೊಂದು ಪಾಠವೂ ಇದೆ: ಹತ್ತಿಪ್ಪತ್ತು ನಾಯಿಗೆ ಹಾಕಿಸಿ ಫೋಟೊ ತೆಗೆಸಿಕೊಂಡರೆ ಊರಿಗೆ ಹೆಚ್ಚು ಪ್ರಯೋಜನವಿಲ್ಲ. ಮೊದಲು ನಾಯಿ ಎಣಿಸಿ. ಬೆಳಗಿನ ಜಾವ, ನಾಯಿಗಳು ಬೀದಿಯಲ್ಲೇ ಇರುವ ಹೊತ್ತಿಗೆ, ಓಣಿಗೆ ಇಬ್ಬರಂತೆ ಒಂದೇ ದಿನ ಎಣಿಸಿದರೆ ಸಾಕು. ಅದರಲ್ಲಿ 100ಕ್ಕೆ 70 ಪಾಲು ನಿಮ್ಮ ಗುರಿ. ಲಸಿಕೆ, ಹಿಡಿಯುವವರ ಕೂಲಿ, ಐಸ್ ಪೆಟ್ಟಿಗೆ ಸೇರಿಸಿ ತಲೆಗೆ ಎಷ್ಟು ಬೀಳುತ್ತದೆ ಎಂದು ಪಶು ವೈದ್ಯರನ್ನು ಕೇಳಿ ಗುಣಿಸಿ. ಆ ಮೊತ್ತವನ್ನೇ ಬ್ಯಾನರಿನ ಮೇಲೆ ಬರೆಯಿಸಿ.

ಐಸ್ ಪೆಟ್ಟಿಗೆ ಎಂದದ್ದು ಸುಮ್ಮನೆ ಅಲ್ಲ. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಹತ್ತು ಡೋಸಿನ ಬಾಟಲಿ ಒಡೆದರೆ ಅಂದೇ ಮುಗಿಸಬೇಕು. ಬಳ್ಳಾರಿ ಬಿಸಿಲಿನಲ್ಲಿ ಬಾಟಲಿಯನ್ನು ಜೇಬಲ್ಲಿಟ್ಟುಕೊಂಡು ತಿರುಗಿದರೆ ಚುಚ್ಚಿದ್ದು ನೀರು. ಲಸಿಕೆ ಹಾಕುವುದು ಪಶು ಆಸ್ಪತ್ರೆಯವರ ಕೆಲಸ. ನಾಯಿ ಹಿಡಿಯುವವರು ತಾವೂ ಮುಂಚಿತ ರೇಬೀಸ್ ಲಸಿಕೆ ಹಾಕಿಸಿಕೊಂಡಿರಬೇಕು.

ಸಂತಾನಹರಣ ಚಿಕಿತ್ಸೆಗೆ ಮಾತ್ರ ಊರ ಸಂಘ ಕೈ ಹಾಕದಿರುವುದು ಒಳ್ಳೆಯದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಅದು ಸ್ಥಳೀಯ ಸಂಸ್ಥೆಯ ಹೊಣೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆ ಮಾತ್ರ ಮಾಡಬಹುದು. ನೀವು ಮಾಡಬಹುದಾದದ್ದು ಪಂಚಾಯಿತಿಗೆ ಲಿಖಿತ ಅರ್ಜಿ ಕೊಟ್ಟು ಬೆನ್ನು ಹತ್ತುವುದು. ಸಿಕ್ಕಸಿಕ್ಕಲ್ಲಿ ಅನ್ನ ಹಾಕುವುದನ್ನೂ ನಿಮ್ಮ ಕಾರ್ಯಕ್ರಮ ಪ್ರೋತ್ಸಾಹಿಸಬಾರದು. ಬೀದಿಯಲ್ಲಿ ಎಲ್ಲೆಂದರಲ್ಲಿ ಉಣಿಸಬಾರದು, ಅದಕ್ಕೆಂದೇ ಜಾಗ ಗುರುತಿಸಬೇಕು ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದ ನಾಯಿಗಳ ಬಗ್ಗೆ ಅದೇ ವರ್ಷ ನವೆಂಬರ್ 7ರಂದು ಇನ್ನೂ ಬಿಗಿಯಾದ ಆದೇಶ ಬಂತು.

ಹಣವನ್ನು ಆಶ್ರಯಧಾಮಕ್ಕೋ ಗೋಶಾಲೆಗೋ ಕೊಡುವುದಾದರೆ ಮೊದಲು ಒಮ್ಮೆ ಹೇಳದೆ ಹೋಗಿ ನೋಡಿ ಬನ್ನಿ. ನೀರಿನ ತೊಟ್ಟಿ ತುಂಬಿದೆಯೆ, ನೆರಳಿದೆಯೆ, ಕಾಯಿಲೆಯ ಪ್ರಾಣಿಯನ್ನು ಬೇರೆ ಕಟ್ಟಿದ್ದಾರೆಯೆ, ವೈದ್ಯರು ಬಂದು ಹೋದ ದಾಖಲೆ ಪುಸ್ತಕ ಇದೆಯೆ? ಈ ನಾಲ್ಕು ಸಾಕು. ನೋಂದಣಿ ಪತ್ರದ ಪ್ರತಿ ಕೇಳಲು ಸಂಕೋಚ ಬೇಡ. ರಾಜ್ಯದಲ್ಲಿ ಹೆಸರಿರುವ ಸಂಸ್ಥೆಗಳೂ ಸಣ್ಣದಾಗಿಯೇ ಹುಟ್ಟಿದವು. ಬೆಂಗಳೂರಿನ ಪ್ರಾಣಿದಯಾ ಸಂಸ್ಥೆ ಕೂಪಾವನ್ನು 1991ರಲ್ಲಿ ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಆಗ ಇಳಿವಯಸ್ಸಿನ ಹೆಂಗಸು. ಅದಕ್ಕೂ ಮೊದಲು ಜೈಪುರದಲ್ಲಿ ಇಂಥದ್ದೇ ಇನ್ನೊಂದು ಆಶ್ರಯ ಕಟ್ಟಿ ಬಂದಿದ್ದರು. ಹತ್ತಿರದಲ್ಲಿ ಮನಸ್ಸಿಗೆ ಒಪ್ಪುವ ಆಶ್ರಯ ಸಿಗದಿದ್ದರೆ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಉದ್ಯಾನದಲ್ಲಿ ಪ್ರಾಣಿ ದತ್ತು ತೆಗೆದುಕೊಳ್ಳುವ ದಾರಿಯೂ ಇದೆ. ಆದರೆ ನನ್ನ ಮತ ಊರಿನ ನಾಯಿಗೇ. ಕಣ್ಣ ಮುಂದೆ ಖರ್ಚಾದ ದುಡ್ಡಿಗೆ ಮುಂದಿನ ವರ್ಷ ಮತ್ತೆ ದುಡ್ಡು ಹುಟ್ಟುತ್ತದೆ.

ಸಂಘ, ಪರವಾನಗಿ, ಬ್ಯಾಂಕು

ಒಂದು ಸಂತೆಗಾಗಿ ಹೊಸ ಟ್ರಸ್ಟ್ ಹುಟ್ಟುಹಾಕಬೇಡಿ. ಊರಲ್ಲಿ ಈಗಾಗಲೇ ನೋಂದಣಿಯಾದ ಯುವಕ ಸಂಘ, ಮಹಿಳಾ ಸಂಘ, ಹಳೆ ವಿದ್ಯಾರ್ಥಿಗಳ ಸಂಘ ಯಾವುದಾದರೂ ಇದ್ದೇ ಇರುತ್ತದೆ. ಅದರ ಹೆಸರಲ್ಲೇ ನಡೆಸಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ. ಸ್ಕ್ಯಾನರ್ ಬೋರ್ಡ್ ಸಂಘದ ಖಾತೆಯದ್ದೇ ಆಗಿರಬೇಕು. "ಸದ್ಯ ನನ್ನ ಫೋನ್‌ಪೇಗೆ ಹಾಕಿರಿ, ಆಮೇಲೆ ಕೊಡ್ತೀನಿ" ಎಂಬ ಒಂದು ಮಾತಿನಿಂದ ಒಳ್ಳೊಳ್ಳೆ ಸಂಘಗಳು ಒಡೆದಿವೆ.

ಹಳ್ಳಿಯಾದರೆ ಪಂಚಾಯಿತಿ ಪಿಡಿಒಗೆ, ಬಳ್ಳಾರಿ ನಗರದ ಉದ್ಯಾನವಾದರೆ ಮಹಾನಗರ ಪಾಲಿಕೆಗೆ, ಸಿರುಗುಪ್ಪ, ಕುರುಗೋಡು ಪೇಟೆಯಾದರೆ ಅಲ್ಲಿನ ನಗರಾಡಳಿತಕ್ಕೆ ತಿಂಗಳ ಮುಂಚೆ ಅರ್ಜಿ ಕೊಡಿ. ಶಾಲೆ ಮೈದಾನಕ್ಕೆ ಎಸ್‌ಡಿಎಂಸಿ ಒಪ್ಪಿಗೆ ಬೇಕು. ಮೈಕ್ ಹಾಕುವುದಾದರೆ ಪೊಲೀಸ್ ಠಾಣೆಯ ಪರವಾನಗಿ; ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ನಿಷೇಧ. ಗೋಡೆ ಮೇಲೆ ಚಿತ್ರ ಬರೆಯುವ ಯೋಚನೆಯಿದ್ದರೆ ಗೋಡೆಯ ಒಡೆಯರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸಾರ್ವಜನಿಕ ಸ್ಥಳ ವಿರೂಪ ತಡೆಗೆ 1981ರಿಂದಲೂ ರಾಜ್ಯದಲ್ಲಿ ಕಾಯ್ದೆಯಿದೆ. ಒಳ್ಳೆಯ ಚಿತ್ರ ಎಂಬುದು ಅಲ್ಲಿ ಸಬೂಬಾಗುವುದಿಲ್ಲ.

ಫ್ಲೆಕ್ಸ್ ಹಾಕಿಸಬೇಡಿ. 2016ರ ಮಾರ್ಚ್‌ನಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ಬ್ಯಾನರು, ಫ್ಲೆಕ್ಸಿಗೆ ನಿಷೇಧವಿದೆ. ಚೊಕ್ಕಟ ಮೈದಾನಕ್ಕೆಂದು ದುಡ್ಡು ಎತ್ತುವ ಕಾರ್ಯಕ್ರಮಕ್ಕೇ ಫ್ಲೆಕ್ಸ್ ಕಟ್ಟಿದರೆ ಜನ ನಗುತ್ತಾರೆ. ಬಟ್ಟೆ ಮೇಲೆ ಬರೆಯುವ ಪೇಂಟರ್ ಇನ್ನೂ ಇದ್ದಾರೆ, ಅವರನ್ನು ಹುಡುಕಿ. ಅವರಿಗೂ ಒಂದು ದಿನದ ಕೆಲಸ ಸಿಗುತ್ತದೆ.

ಇನ್ನೊಂದು ಗುಂಡಿ ಇದೆ, ಅದನ್ನು ದಾಟಿಕೊಳ್ಳಿ: ಲಕ್ಕಿ ಡಿಪ್. ಹೊರದೇಶದ ಸಹಾಯಾರ್ಥ ಮೇಳಗಳಲ್ಲಿ ಚೀಟಿ ಎತ್ತಿ ಬಹುಮಾನ ಕೊಡುವುದು ಮಾಮೂಲು. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಾಗಿದೆ. ಟಿಕೆಟ್ ಮಾರಿ ಚೀಟಿ ಎತ್ತಿದರೆ ಪೊಲೀಸರು ಬಂದು ಕೇಳಬಹುದು. ಅದರ ಬದಲಿಗೆ ಸವಾಲು, ಅಂದರೆ ಹರಾಜು ಇದೆ, ಮುಂದೆ ಹೇಳುತ್ತೇನೆ.

ದುಬೈ, ಅಮೆರಿಕದಲ್ಲಿರುವ ಊರಿನ ಹುಡುಗರು "ನಾವೂ ಕಳಿಸ್ತೀವಿ" ಎನ್ನುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅಡ್ಡಿಯಿಲ್ಲ. ಆ ದೇಶದ ಪೌರತ್ವ ಪಡೆದವರ ಹಣ ವಿದೇಶಿ ದೇಣಿಗೆ ಎನಿಸಿಕೊಳ್ಳುತ್ತದೆ. ವಿದೇಶಿ ದೇಣಿಗೆ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟಬಾರದು. ಕಳಿಸುವವರನ್ನು ನೇರವಾಗಿ ಕೇಳಿಬಿಡಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಏನು ಮಾಡಿ ಮಾರುವುದು

2020ರಲ್ಲಿ ಇಂಗ್ಲೆಂಡಿನ ವರ್ದಿಂಗ್ ಎಂಬ ಊರಿನ ಫಿಲ್ ಹೆಕೆಲ್ಸ್ ಮಗನ ಜೊತೆ ಕೂತು ತಮ್ಮ ನಾಯಿಯ ಚಿತ್ರ ಬರೆದರು. ಚಿತ್ರ ಎಷ್ಟು ಕೆಟ್ಟದಾಗಿತ್ತೆಂದರೆ ತಮಾಷೆಗೆ ಬೆಲೆ ಹಚ್ಚಿ ಫೇಸ್‌ಬುಕ್ಕಿಗೆ ಹಾಕಿದರು. ತಮ್ಮ ನಾಯಿಯನ್ನೂ ಹಾಗೇ ಕೆಟ್ಟದಾಗಿ ಬರೆದುಕೊಡಿ ಎಂದು ಜನ ಮುಗಿಬಿದ್ದರು. ಸಂಭಾವನೆಯ ಬದಲು ವಸತಿಹೀನರ ಸಂಸ್ಥೆಗೆ ಕೊಡಿ ಎಂದರು ಹೆಕೆಲ್ಸ್. ಸಂಗ್ರಹ 1 ಲಕ್ಷ ಪೌಂಡ್ ದಾಟಿತು. ಜನ ಹಣ ಕೊಟ್ಟದ್ದು ಕಲೆಯ ನಾಜೂಕಿಗಲ್ಲ, "ನನ್ನ ನಾಯಿ" ಎಂಬ ಅಕ್ಕರೆಗೆ.

ಕೊಳಗಲ್ಲಿಗೆ ಇದನ್ನು ಹೊಂದಿಸುವುದು ಸುಲಭ. ಕಾರಹುಣ್ಣಿಮೆಯ ದಿನ ಸಿಂಗರಿಸಿದ ಎತ್ತಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ರೈತರಿಲ್ಲ. ಆ ಫೋಟೊ ವಾಟ್ಸ್‌ಆ್ಯಪಿಗೆ ತರಿಸಿಕೊಳ್ಳಿ. ಎತ್ತಿನ ಹೆಸರು, ಒಡೆಯರ ಹೆಸರು, ಓಣಿ ಬರೆದುಕೊಳ್ಳಿ. ಜೂನ್‌ನಲ್ಲಿ ಶಾಲೆ ಶುರುವಾಗಿರುತ್ತದೆ. ಐದರಿಂದ ಹತ್ತನೇ ತರಗತಿಯ ಮಕ್ಕಳು ಡ್ರಾಯಿಂಗ್ ಶೀಟಿನ ಮೇಲೆ ಬರೆಯಲಿ. ಮೇಲೆ ಎತ್ತಿನ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ಬರೆದ ಮಗುವಿನ ಹೆಸರು. ಕಾಲು ಐದಾದರೂ ಪರವಾಗಿಲ್ಲ, ತಿದ್ದಬೇಡಿ. ಮೇಷ್ಟ್ರು ತಿದ್ದಿದ ಚಿತ್ರ ಮೇಷ್ಟ್ರ ಚಿತ್ರವಾಗಿಬಿಡುತ್ತದೆ, ಕೊಳ್ಳುವ ಉಮೇದು ಅಲ್ಲೇ ಇಳಿಯುತ್ತದೆ. ಎಮ್ಮೆ, ಮೇಕೆ, ಮನೆ ಬಾಗಿಲ ನಾಯಿ, ಕೊಟ್ಟಿಗೆಯ ಬೆಕ್ಕು ಯಾವುದಿದ್ದರೂ ಸರಿ. ಟ್ರ್ಯಾಕ್ಟರ್ ಕೊಂಡು ಎತ್ತು ಮಾರಿದವರು ಹಳೆಯ ಎತ್ತಿನ ಫೋಟೊ ತರುತ್ತಾರೆ. ಅವರ ಹತ್ತಿರ ಬೆಲೆಯ ಚೌಕಾಸಿ ಇರುವುದಿಲ್ಲ.

ಎರಡನೆಯದು ಮಣ್ಣೆತ್ತು. ನಮ್ಮ ಕಡೆಯ ಎರೆಮಣ್ಣು ಒದ್ದೆಯಾದಾಗ ಹಿಗ್ಗಿ ಒಣಗಿದಾಗ ಕುಗ್ಗುವ ಜಾತಿ. ಬರಿ ಎರೆಯಲ್ಲಿ ಮಾಡಿದ ಎತ್ತಿಗೆ ಮೂರು ದಿನದಲ್ಲಿ ಸೊಂಟದ ಬಳಿ ಬಿರುಕು ಬೀಳುತ್ತದೆ. ಕುಂಬಾರರಿಂದ ಹದ ಮಾಡಿದ ಮಣ್ಣು ತರುವುದು ಉತ್ತಮ. ಇಲ್ಲವಾದರೆ ಜರಡಿ ಹಿಡಿದ ಮರಳು, ಬಿಡಿಸಿದ ಹತ್ತಿ ಸೇರಿಸಿ ಚೆನ್ನಾಗಿ ನಾದಿ, ನೆರಳಲ್ಲೇ ಒಣಗಿಸಿ. ಬಣ್ಣಕ್ಕೆ ಸುಣ್ಣ, ಕೆಮ್ಮಣ್ಣು, ಅರಿಸಿನ ಸಾಕು. ಪೂಜೆಯಾದ ಮೇಲೆ ನೀರಿಗೆ ಬಿಟ್ಟರೂ ಕೆರೆ ಕೆಡುವುದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಎತ್ತು ಯಾರಾದರೂ ತಂದರೆ ನಯವಾಗಿ ವಾಪಸು ಕಳಿಸಿ.

ಮೂರನೆಯದಕ್ಕೆ ಬಳ್ಳಾರಿಗಿಂತ ಒಳ್ಳೆಯ ಜಾಗವಿಲ್ಲ: ಜೀನ್ಸ್ ಚಿಂದಿ. ನಗರದ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಕಟಿಂಗ್ ಆದ ಮೇಲೆ ಉಳಿಯುವ ತುಂಡುಗಳನ್ನು ಕೇಳಿ ತನ್ನಿ. ಒಳ್ಳೆಯ ತುಂಡು ಜೋಡಿಸಿ ಕೌದಿ ಹೊಲಿಯುವ ಕೈಗಳು ಊರಲ್ಲಿವೆ; ಗೋಡೆಗೆ ಹಾಕುವ ಎತ್ತು, ನವಿಲಿನ ಚಿತ್ರಪಟ, ಚೀಲ, ದಿಂಬಿನ ಗವಸು ಆಗುತ್ತವೆ. ಪುಡಿ ಚಿಂದಿಯನ್ನು ಸಿರುಗುಪ್ಪದ ರೈಸ್‌ಮಿಲ್ಲಿನ ಹಳೆ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದರೆ ಆಶ್ರಯದ ನಾಯಿಗೆ ಹಾಸಿಗೆ. "ಒಂದು ಚೀಲ ಕೊಂಡರೆ ನಾಯಿಗೊಂದು ಹಾಸಿಗೆ" ಎಂದು ಬೋರ್ಡ್ ಹಾಕಿ. ಗುಂಡಿ, ಜಿಪ್ಪು, ಉದ್ದ ದಾರ ಆರಿಸಿ ತೆಗೆದಿರಬೇಕು, ಮರಿಗಳು ನುಂಗುತ್ತವೆ.

ತೊಗಲುಗೊಂಬೆಯ ಪ್ರಸ್ತಾಪ ಬರದೆ ಇರದು. ಬೆಳಗಲ್ಲು ವೀರಣ್ಣ ಆ ಕಲೆಯನ್ನು ಬಳ್ಳಾರಿಯ ಹೆಮ್ಮೆ ಮಾಡಿ 2023ರಲ್ಲಿ ತೀರಿಕೊಂಡರು. ಸಂಜೆ ಆಟ ಇಟ್ಟರೆ ಜನ ಸೇರುವುದರಲ್ಲಿ ಅನುಮಾನವಿಲ್ಲ. ಆದರೆ ಗೊಂಬೆ ಚರ್ಮದ್ದು. ಪ್ರಾಣಿದಯೆಯ ವೇದಿಕೆಯಲ್ಲಿ ಅದೇಕೆ ಎಂದು ಯಾವನಾದರೂ ಕಾಲೇಜು ಹುಡುಗ ಕೇಳಿಯೇ ಕೇಳುತ್ತಾನೆ. ಹಳೆಯ ಗೊಂಬೆಗಳ ಆಟಕ್ಕೆ ಅಡ್ಡಿ ಬೇಡ, ಮಕ್ಕಳ ಕಮ್ಮಟದಲ್ಲಿ ದಪ್ಪ ರಟ್ಟಿನಲ್ಲಿ ಗೊಂಬೆ ಕತ್ತರಿಸಿ ಎಂಬುದು ನನ್ನ ಸಲಹೆ. ವೃತ್ತಿ ಕಲಾವಿದರನ್ನು ಕರೆದರೆ ಸಂಭಾವನೆ ಕೊಡಿ. ಚಿತ್ರ ಮಾರಿದರೆ ಅರ್ಧವಾದರೂ ಅವರಿಗೆ ಹೋಗಲಿ. ಕಲಾವಿದರ ಹೊಟ್ಟೆ ಮೇಲೆ ಹೊಡೆದು ನಾಯಿಗೆ ಪುಣ್ಯ ಕಟ್ಟಿಕೊಳ್ಳುವುದು ಯಾವ ನ್ಯಾಯ?

ಒಂದು ಬೇಡ ಎಂದರೆ ಬೇಡ: ಜೀವಂತ ಪ್ರಾಣಿಯ ಮೈಗೆ ಬಣ್ಣ ಹಚ್ಚಿ ಪ್ರದರ್ಶನ. ದತ್ತು ಕೊಡಲೆಂದು ನಾಯಿಮರಿಗಳನ್ನು ತಂದರೂ ನೆರಳು, ನೀರು, ಒಬ್ಬರು ಕಾವಲು ಇರಲಿ. ಮೈಕಿನ ಪಕ್ಕ ಬೇಡ.

ಬೆಲೆ ಮತ್ತು ಸವಾಲು

ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ ಬಿತ್ತನೆಯ ಹೊತ್ತಿಗೆ ಬರುತ್ತವೆ. ಬೀಜ, ಗೊಬ್ಬರಕ್ಕೆ ಸುರಿದು ರೈತರ ಕೈ ಖಾಲಿ. ಆಗ ಚಿತ್ರದ ಬೆಲೆ 50, 100 ರೂಪಾಯಿ ಮೀರಬಾರದು. ದೊಡ್ಡ ಹಣ ಸುಗ್ಗಿಯಾದ ಮೇಲಿನ ಮಾತು. ಹತ್ತಿ, ಮೆಣಸಿನಕಾಯಿ, ಭತ್ತ ಮಾರಿ ಬಂದ ಮೇಲೆ, ಸಂಕ್ರಾಂತಿಯ ಆಸುಪಾಸು ಅಥವಾ ಊರ ಜಾತ್ರೆಗೆ ಮುಂಚೆ, ಜೂನ್‌ನಲ್ಲಿ ಎತ್ತಿಟ್ಟ ಹತ್ತಿಪ್ಪತ್ತು ಒಳ್ಳೆಯ ಚಿತ್ರ, ಕೌದಿಗಳನ್ನು ಸವಾಲಿಗೆ ಹಚ್ಚಿ. ಬಿಸಿಲೂ ಆಗ ಇಳಿದಿರುತ್ತದೆ.

ಸವಾಲು ಹೇಗೆಂದು ಹೇಳಿಕೊಡಬೇಕಾಗಿಲ್ಲ. ಗಣೇಶನ ಲಡ್ಡು ಸವಾಲಿಗೆ ಬಿದ್ದಾಗ ಎರಡು ಓಣಿಯವರು ಹಟಕ್ಕೆ ಬಿದ್ದು ಏರಿಸುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ಮಂದಿ, ಅದೇ ಗಂಟಲು. ಲಡ್ಡು ಕೂಗುವವರನ್ನೇ ಇಲ್ಲೂ ಕೂಗಲು ಕರೆಯಿರಿ. ಕೆಲವು ಎಚ್ಚರಿಕೆ: ಹಿಡಿದವರು ಅಂದೇ ಹಣ ಕಟ್ಟಬೇಕು, "ಮುಂದಿನ ಅಮಾಸಿಗೆ" ಎಂಬುದಕ್ಕೆ ಅವಕಾಶವಿಲ್ಲ ಎಂದು ಮೊದಲೇ ಕೂಗಿಸಿ. ಪಕ್ಷದ ಮುಖಂಡರ ನಡುವೆ ಪೈಪೋಟಿ ಹತ್ತಿಸಬೇಡಿ, ಕಾರ್ಯಕ್ರಮ ಅವರದಾಗಿಬಿಡುತ್ತದೆ. ಮಗುವಿನ ಚಿತ್ರಕ್ಕೆ ಯಾರೂ ಕೂಗದಿದ್ದರೆ ಆ ಮಗು ನೋಡುತ್ತಾ ನಿಂತಿರುತ್ತದೆ. ಪ್ರತಿ ಮಕ್ಕಳ ಚಿತ್ರಕ್ಕೂ ಮೊದಲ ಕೂಗು ಹಾಕಲು ಒಬ್ಬರನ್ನು ಗೊತ್ತು ಮಾಡಿರಿ.

ಕೊಂಡವರಿಗೆ ಕೊಡುವುದು ಮಾರಾಟದ ರಸೀದಿ. ಚಿತ್ರ ಕೊಂಡದ್ದನ್ನು ದಾನ ಎಂದು ತೋರಿಸಿ ತೆರಿಗೆ ವಿನಾಯಿತಿ ಕೇಳಲಾಗದು. ಸುಮ್ಮನೆ ದೇಣಿಗೆ ಕೊಟ್ಟವರಿಗೂ ನಿಮ್ಮ ಸಂಘಕ್ಕೆ 80ಜಿ ಮಾನ್ಯತೆ ಇದ್ದರೆ ಮಾತ್ರ ವಿನಾಯಿತಿ. ಅದೂ 2,000 ರೂಪಾಯಿ ಮೀರಿದ ನಗದಿಗೆ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಇಲ್ಲದ ವಿನಾಯಿತಿಯ ಆಸೆ ಹಚ್ಚಬೇಡಿ.

ಮೈದಾನದ ಪಾಲು

ಬಂದದ್ದರಲ್ಲಿ ಎಷ್ಟು ಪಾಲು ಮೈದಾನಕ್ಕೆ ಎಂದು ಮೊದಲೇ ಸಾರಿರಿ. ನಾಯಿ ಮತ್ತು ಕಸ ಬೇರೆ ಬೇರೆ ಸಂಗತಿಗಳಲ್ಲ. ಕೋಳಿ ಅಂಗಡಿಯ ತ್ಯಾಜ್ಯ ಉದ್ಯಾನದ ಮೂಲೆಗೆ ಬಿದ್ದರೆ ನಾಯಿ ಹಿಂಡು ಅಲ್ಲಿ ಠಿಕಾಣಿ ಹೂಡುತ್ತದೆ. ಅನ್ನ ಕಟ್ಟಿ ಎಸೆದ ಪ್ಲಾಸ್ಟಿಕ್ ಚೀಲ ದನದ ಹೊಟ್ಟೆ ಸೇರುತ್ತದೆ. ಆದ್ದರಿಂದ ಗಿಡ, ಬೆಂಚು, ಜೋಕಾಲಿಗಿಂತ ಮೊದಲು ಆ ಮೂಲೆ.

ಎಲ್ಲರಿಗೂ ಮೊದಲು ಹೊಳೆಯುವುದು ಕಸದ ಡಬ್ಬಿ ಕೊಳ್ಳುವುದು. ಎತ್ತಲು ಗಾಡಿ ಬರುವುದು ಖಾತ್ರಿಯಿಲ್ಲದಿದ್ದರೆ ಡಬ್ಬಿ ಬೇಡವೇ ಬೇಡ. ತುಂಬಿದ ಡಬ್ಬಿಯ ಸುತ್ತಲೇ ಹೊಸ ತಿಪ್ಪೆ ಏಳುತ್ತದೆ. ಬೆಂಗಳೂರಿನಲ್ಲಿ 2010ರಿಂದ ಕೆಲಸ ಮಾಡುತ್ತಿರುವ, ಹೆಸರು ಹೇಳಿಕೊಳ್ಳದವರ ಗುಂಪು 'ದಿ ಅಗ್ಲಿ ಇಂಡಿಯನ್' ತಿಪ್ಪೆಯಾದ ಜಾಗವನ್ನು ಒಂದೇ ಬೆಳಗಿನಲ್ಲಿ ಬಳಿದು, ಗೋಡೆಗೆ ಕೆಮ್ಮಣ್ಣು ಬಣ್ಣ ಹೊಡೆದು, ಗಿಡ ಇಟ್ಟು ಬರುತ್ತದೆ. ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್ನಿನ ಸ್ವಚ್ಛತಾ ಅಭಿಯಾನ ಭಾನುವಾರಗಳಂದು ನಡೆದು, ಬಳಿದ ಕಡೆ ಗೋಡೆಚಿತ್ರಗಳೂ ಮೂಡಿದವು. ನಮ್ಮಲ್ಲೂ ಬಳಿದ ಮೂಲೆಯ ಗೋಡೆಗೆ ಕಪ್ಪಗಲ್ಲಿನ ಎತ್ತುಗಳ ಗೆರೆಚಿತ್ರ ಬರೆಯಿಸಬಹುದು. ಕೆಮ್ಮಣ್ಣಿನ ನೆಲೆ, ಮೇಲೆ ಸುಣ್ಣದ ಬಿಳಿ ಗೆರೆ. ಖರ್ಚು ಕಡಿಮೆ, ಮುಂದಿನ ವರ್ಷ ಮತ್ತೆ ತೀಡಬಹುದು. ಮಕ್ಕಳನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಕರೆದೊಯ್ದು ತೋರಿಸಿ ಬರೆಯಿಸಿದರೆ ಗೆರೆಗೆ ಬೇರೆಯೇ ಕಸು ಬರುತ್ತದೆ. ಗುಡ್ಡದ ಮೂಲ ಬಂಡೆಗಳನ್ನು ಮಾತ್ರ ಸೀಮೆಸುಣ್ಣದಿಂದಲೂ ಮುಟ್ಟಬಾರದು.

ಉಳಿದ ಹಣಕ್ಕೆ ಪ್ರಾಣಿಗಳ ನೀರಿನ ತೊಟ್ಟಿ ಮಾಡಿಸಿ. ದಿನಾ ತುಂಬುವವರು ಯಾರು ಎಂದು ಗೊತ್ತಾದ ಮೇಲೆ.

ಅಂದಿನ ದಿನ, ಆಮೇಲೆ

ಬೆಳಗ್ಗೆ 7ಕ್ಕೆ ಶುರು ಮಾಡಿ 11ಕ್ಕೆ ಮುಗಿಸಿ, ಇಲ್ಲವೆ ಸಂಜೆ 4ರ ನಂತರ. ಚಿತ್ರಗಳನ್ನು ಹಗ್ಗಕ್ಕೆ ಬಟ್ಟೆ ಕ್ಲಿಪ್ಪಿನಿಂದ ನೇತು ಹಾಕಿ, ಮಕ್ಕಳ ಕಣ್ಣಿನ ಎತ್ತರಕ್ಕೆ. ಮಂಡಕ್ಕಿ, ಮಿರ್ಚಿ, ಚಹಾ ಇದ್ದರೆ ಸಾಕು. ಸ್ಟೀಲ್ ಲೋಟ, ಮುತ್ತುಗದ ಎಲೆ. ಭಾಷಣ ಎರಡೇ, ಅದರಲ್ಲೊಂದು ಪಶು ವೈದ್ಯರದ್ದು. ಹೊರಡುವ ಮುಂಚೆ ಮೈದಾನ ಗುಡಿಸಿ.

ಹಣವನ್ನು ಅಲ್ಲೇ, ಮೂವರ ಮುಂದೆ ಎಣಿಸಿ ಬರೆದು ಸಹಿ ಹಾಕಿಸಿ. ಕೊಳಗಲ್ಲಿನಲ್ಲಿ ರಾಷ್ಟ್ರಕೂಟ ಖೊಟ್ಟಿಗನ ಕಾಲದ, ಕ್ರಿ.ಶ. 967ರ ಶಾಸನವಿದೆ. ಯಾರು, ಯಾವ ಕಾಲದಲ್ಲಿ, ಏನು ಮಾಡಿಸಿದರು ಎಂಬುದನ್ನು ಕಲ್ಲಿಗೆ ಹಾಕಿ ಊರ ಕಣ್ಣಿಗೆ ಬೀಳುವಂತೆ ನಿಲ್ಲಿಸುವ ರೂಢಿ ಸಾವಿರ ವರ್ಷ ಹಳೆಯದು. ನೀವು ಹಾಕಬೇಕಾದ್ದು ಒಂದು ಚಾರ್ಟ್ ಶೀಟ್ ಅಷ್ಟೆ. ಬಂದದ್ದು, ಖರ್ಚು, ಉಳಿಕೆ, ಎಷ್ಟು ನಾಯಿಗೆ ಲಸಿಕೆ, ಯಾವ ದಿನ, ಯಾವ ವೈದ್ಯರು. ವಾರದೊಳಗೆ ಪಂಚಾಯಿತಿ ಕಟ್ಟೆಯ ಮೇಲೂ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇರಬೇಕು. ಲಸಿಕೆಗೆ ಹಣ ಸಾಲದೆ ಹೋದರೆ ಸಾಲದು ಎಂದೇ ಬರೆಯಿರಿ. ಕೊರತೆಯ ಅಂಕಿ ನೋಡಿ ತುಂಬಿಕೊಡುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ.

ಮಾರಾಟವಾಗದ ಚಿತ್ರಗಳನ್ನು ಗೋದಾಮಿನಲ್ಲಿ ಕೊಳೆಯಲು ಬಿಡದೆ ಅಂಗನವಾಡಿ, ಪಶು ಆಸ್ಪತ್ರೆ, ಗ್ರಂಥಾಲಯದ ಗೋಡೆಗೆ ಹಾಕಿಸಿ. ಸಂತೆಯ ದಿನ ಬೋರ್ಡಿನ ಮೇಲೆ ಮರೆಯದೆ ಬರೆಯಬೇಕಾದ ಒಂದು ಸಂಖ್ಯೆ 1962. ಅದು ಸಂಚಾರಿ ಪಶು ಚಿಕಿತ್ಸಾ ವಾಹನದ ಉಚಿತ ಕರೆ ಸಂಖ್ಯೆ. ಈ ವರ್ಷ ಸಂತೆ ಮಾಡಲಾಗದವರು ಈ ಸಂಖ್ಯೆಯನ್ನಾದರೂ ಇಂದೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.